ಹೆಸರಿಲ್ಲದ ಐದನೆಯದು

ಫೆಬ್ರವರಿ 3

ಮೇಷ್ಟ್ರಿಗೆ ನಮಸ್ಕಾರ.

ನಾನು ಮೊಳೆಯ ಅಕ್ಕ. ಹಳೆಯ ಕಂಪ್ಯೂಟರುಗಳನ್ನು ಬದುಕಿಸುವ ನಿಮ್ಮ ಗುಂಪಿನಲ್ಲಿ ನನ್ನ ತಮ್ಮನಿಗೆ ಆ ಹೆಸರಿಟ್ಟವರು ನೀವೇ. "ಒಂದು ವಿಷಯಕ್ಕೆ ಹೊಕ್ಕಿದ್ರೆ ಕಿತ್ರೂ ಬರಲ್ಲ ನೀನು ಅಂತ ಮೇಷ್ಟ್ರು ನಂಗೆ ಮೊಳೆ ಅಂತ ಹೆಸರಿಟ್ಟಿದ್ದಾರೆ ಅಕ್ಕ" ಎಂದು ಬಿರುದು ಸಿಕ್ಕವನ ಹಾಗೆ ಹೇಳಿಕೊಂಡು ತಿರುಗಿದ್ದ. ಅವನು ಹೋಗಿ ಆರು ವರ್ಷವಾಯಿತು. ಈ ಆರು ವರ್ಷದಲ್ಲಿ ನಾವಿಬ್ಬರು ಪತ್ರ ಬರೆದುಕೊಂಡದ್ದು ಎರಡು ಸಲ, ಎರಡು ಸಲವೂ ನಾನೇ ಮೊದಲು ಬರೆದದ್ದು. ಇದು ಮೂರನೆಯದು. ಭಯವಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಮೇಲಿಂಗ್ ಲಿಸ್ಟಿನ ಪತ್ರಗಳು ಈಗಲೂ ಅವನ ವಿಳಾಸಕ್ಕೆ ಬರುತ್ತವೆ. ನಾನು ನಿಲ್ಲಿಸಿಲ್ಲ. ಹೆರಿಗೆ ವಾರ್ಡಿನ ನರ್ಸಿಗೆ ಅದರಲ್ಲಿ ಅರ್ಥವಾಗುವುದು ನೂರಕ್ಕೆ ಎರಡು ಮಾತು. ಆದರೂ ಊಟ ಮಾಡುತ್ತ ಓದುತ್ತೇನೆ, ಅವನಿಗೆ ಬಂದ ಪತ್ರ ಅಲ್ಲವೇ. ಮೊನ್ನೆ ಬಂದರಿನ ಕ್ರೇನುಗಳಿಗೆ ಪ್ರೋಗ್ರಾಂ ಬರೆಯುವ ಹೆಂಗಸೊಬ್ಬರು ಬರೆದದ್ದನ್ನು ಓದಿದೆ. ನಿಮ್ಮ ಎಮ್ಯುಲೇಟರಿನಲ್ಲಿ, ಅಂದರೆ ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಹಳೆಯ ಯಂತ್ರವನ್ನು ನಡೆಸುವ ಆ ಪ್ರೋಗ್ರಾಂನಲ್ಲಿ, ಒಳಗಿನ ಬಿಡಿಭಾಗಗಳಿಗೆಲ್ಲ ಎಂದೂ ಬದಲಾಗದ ಹೆಸರು ಕೊಡಬೇಕಂತೆ. ಮಂಗಳವಾರದ ಮಾತುಕತೆಯ ಅಜೆಂಡಾಕ್ಕೆ ಈ ವಿಷಯ ಸೇರಿಸಿ ಎಂದು ನಿಮ್ಮನ್ನು ಕೇಳಿದ್ದಾರೆ. ಕೊನೆಯಲ್ಲಿ ಒಂದು ಸಾಲಿದೆ: "ಹೆಸರು ಬದಲಾದ ಮೇಲೆ ಹಿಂದೆ ಉಳಿಸಿಟ್ಟ ಕೆಲವು ಫೈಲುಗಳು ತೆರೆಯದೇ ಹೋಗಬಹುದು."

ಅಂಥ ಫೈಲು ನನ್ನ ಹತ್ತಿರ ಒಂದೇ ಒಂದಿದೆ. ಅವನು ಕೊನೆಯ ಶುಕ್ರವಾರ ಸಂಜೆ ನಾಲ್ಕು ಹದಿನೇಳಕ್ಕೆ ಆ ಹಳೆಯ ಯಂತ್ರವನ್ನು ಇದ್ದ ಹಾಗೆಯೇ ನಿಲ್ಲಿಸಿ ಉಳಿಸಿದ್ದು. ಅವನ ಲ್ಯಾಪ್‌ಟಾಪು ಕೆಟ್ಟಾಗ ನೀವೇ ನನ್ನದರಲ್ಲಿ ಪ್ರೋಗ್ರಾಂ ಹಾಕುವುದು ಹೇಗೆಂದು ಬರೆದು ಕಳಿಸಿದ್ದಿರಿ. ಪ್ರತಿ ಭಾನುವಾರ ಊಟವಾದ ಮೇಲೆ ತೆರೆಯುತ್ತೇನೆ. ನಾಲ್ಕು ಹದಿನೇಳು ಎಂದು ತೋರಿಸುತ್ತದೆ. ಕರ್ಸರು ಮಿಣುಕುತ್ತದೆ. ಒಂದು ನಿಮಿಷ ಅವನು ಆ ಕೋಣೆಯಲ್ಲಿ ಕೂತೇ ಇದ್ದಾನೆ.

ಅದು ತೆರೆಯದೇ ಹೋದರೆ ನಾನು ಎಲ್ಲಿಗೆ ಹೋಗಲಿ? ದಯವಿಟ್ಟು ಆ ವಿಷಯವನ್ನು ಅಜೆಂಡಾಕ್ಕೆ ಸೇರಿಸಬೇಡಿ.

ಮೊಳೆಯ ಅಕ್ಕ

*

ಫೆಬ್ರವರಿ 5

ಅಕ್ಕನವರೇ,

ಅವನು ನಿಮ್ಮನ್ನು ಅಕ್ಕ ಅಕ್ಕ ಎಂದು ಎಷ್ಟು ಸಲ ಹೇಳಿದ್ದಾನೆಂದರೆ, ಅರವತ್ತಾರರ ಈ ಮುದುಕನಿಗೂ ನೀವು ಅಕ್ಕನವರೇ ಆಗಿಹೋಗಿದ್ದೀರಿ. ಬೇಸರವಿಲ್ಲ ತಾನೇ?

ನೀವು ನಿಶ್ಚಿಂತೆಯಾಗಿರಿ. ಅಜೆಂಡಾದ ಕೀಲಿ ಇರುವುದು ನನ್ನ ಸೊಂಟದಲ್ಲಿ. ಪ್ರತಿ ಸೋಮವಾರ ಮಧ್ಯಾಹ್ನದವರೆಗೆ ವಿಷಯ ಕಳಿಸಿ ಎಂದು ಎಲ್ಲರಿಗೂ ಬರೆಯುವವನು ನಾನು, ಬಂದದ್ದನ್ನು ಜೋಡಿಸುವವನು ನಾನು, ಯಾರೂ ಏನೂ ಕಳಿಸದಿದ್ದರೆ ಈ ವಾರ ಮಾತುಕತೆ ಇಲ್ಲ ಎಂದು ಸಾರುವವನೂ ನಾನೇ. ಇಪ್ಪತ್ತು ವರ್ಷದಿಂದ ಸಂಬಳವಿಲ್ಲದೆ ಮಾಡುತ್ತಿರುವ ಚಾಕರಿಗೆ ಇಷ್ಟಾದರೂ ಅಧಿಕಾರ ಬೇಡವೇ? ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುತ್ತಿದ್ದಾಗಲೂ ನನಗೆ ಇಷ್ಟು ನಡೆಯುತ್ತಿರಲಿಲ್ಲ.

ಕ್ರೇನಿನ ಅಮ್ಮನವರು ಬುದ್ಧಿವಂತೆ, ಆದರೆ ಆತುರ ಜಾಸ್ತಿ. ನಡೆಯುತ್ತಿರುವುದನ್ನು ಕೆದಕಬಾರದು ಎಂದು ಅವರಿಗೆ ಬರೆದಿದ್ದೇನೆ. ಹಳೆಯ ಫೈಲುಗಳನ್ನು ನಂಬಿಕೊಂಡವರು ಇದ್ದಾರೆ, ಒಬ್ಬ ಅಕ್ಕನಿಗೆ ಅದೇ ತಮ್ಮ ಎಂದೂ ಬರೆದೆ. ನಿಮ್ಮ ಹೆಸರು ಹೇಳಲಿಲ್ಲ. ಅದನ್ನೋದಿ ಅವರು ಸ್ವಲ್ಪ ಮೆತ್ತಗಾದರು.

ಆರೋಗ್ಯ ನೋಡಿಕೊಳ್ಳಿ. ನಾನು ಸೈಕಲ್ ಅಂಗಡಿಯ ಮೇಲಿನ ಅದೇ ಕೋಣೆಯಲ್ಲಿದ್ದೇನೆ. ಕೆಳಗೆ ದಿನವಿಡೀ ಪಂಪು ಹೊಡೆಯುವ ಸದ್ದು.

ಮೇಷ್ಟ್ರು

*

ಫೆಬ್ರವರಿ 19

ಮೇಷ್ಟ್ರೇ,

ನಿಮ್ಮ ಪತ್ರ ಓದಿ ಎಷ್ಟೋ ವಾರದ ಮೇಲೆ ಕಣ್ತುಂಬ ನಿದ್ದೆ ಬಂತು. ನಿಮಗೆ ಪುಣ್ಯ ಬರಲಿ.

ಇವತ್ತು ಮನಸ್ಸು ಬಿಚ್ಚಿ ಒಂದು ಮಾತು. ಆ ಫೈಲಿನಲ್ಲಿ ಏನಿದೆ ಎಂದು ಅವನು ಹೋದ ವರ್ಷವೇ ನಿಮಗೆ ಬರೆದಿದ್ದೆ. ನೀವು ಅದೊಂದನ್ನು ಬಿಟ್ಟು ಮಿಕ್ಕೆಲ್ಲಕ್ಕೂ ಉತ್ತರ ಕೊಟ್ಟಿರಿ. ನೋವಿನ ವಿಷಯ ಎಂದು ಸುಮ್ಮನಾದಿರೇನೋ ಎಂದುಕೊಂಡೆ.

ತೆರೆದರೆ ಪರದೆಯಲ್ಲಿ ಎರಡು ಭಾಗ. ಎಡಗಡೆ ತಲೆಬರಹ "ನಾನು": ಅವನು ಟೈಪು ಮಾಡಿದ್ದು ಅಲ್ಲಿ ಬೀಳುತ್ತದೆ. ಬಲಗಡೆ "ಆ ಕಡೆ": ಲೈನಿನ ಇನ್ನೊಂದು ತುದಿಯವರು ಬರೆದದ್ದು ಅಲ್ಲಿ. ಆ ಇನ್ನೊಂದು ತುದಿ ಒಮ್ಮೆ ನೀವು, ಒಮ್ಮೆ ನಾನು. ಎರಡೂ ಕಡೆ ಕೊನೆಯ ಒಂದು ಮಾತು ಮಾತ್ರ ನಿಲ್ಲುತ್ತದೆ. ಫೋನು ಇದ್ದರೂ ಆ ಅಜ್ಜನ ಕಾಲದ ಯಂತ್ರದ ಮೂಲಕವೇ ಮಾತಾಡಬೇಕು ಎಂದು ಅವನ ಹುಚ್ಚು. ಬಲಗಡೆ ಖಾಲಿ. ಎಡಗಡೆ ಒಂದೇ ಸಾಲು:

"ಸಾಕು. ಇನ್ನು ನಿನ್ನ ಜೊತೆ ಮಾತಿಲ್ಲ. ನೀನಿಲ್ಲದೆ ನಂಗೆ ನಡೆಯುತ್ತೆ. ಹೋಗು."

ಇದು ನನಗೇ ಬರೆದದ್ದು ಮೇಷ್ಟ್ರೇ. ಅದರ ಹಿಂದಿನ ವಾರ ಫೋನಿನಲ್ಲಿ ಜಗಳವಾಗಿತ್ತು. ಹುಟ್ಟಿದಾಗಿನಿಂದ ಅವನ ಹೃದಯ ದುರ್ಬಲ, ಮಾತ್ರೆ ಸರಿಯಾಗಿ ನುಂಗುತ್ತಿರಲಿಲ್ಲ, ಆಪರೇಷನ್ ಎಂದರೆ ಕಿವುಡನಾಗುತ್ತಿದ್ದ. "ಹಾಗಾದ್ರೆ ಸಾಯಿ, ನಂಗೇನು" ಎಂದುಬಿಟ್ಟಿದ್ದೆ. ಶುಕ್ರವಾರ ಬರುತ್ತೇನೆ ಎಂದು ಆಮೇಲೆ ಹೇಳಿ ಕಳಿಸಿದ್ದೆ, ರಜೆ ಸಿಗಲಿಲ್ಲ, ಹೋಗಲಾಗಲಿಲ್ಲ. ಭಾನುವಾರ ಮನೆಯ ಮಾಲೀಕ ಬಾಗಿಲು ಒಡೆಸಿದಾಗ ಅವನು ಒಳಗೆ ಬಾಗಿಲ ಹತ್ತಿರವೇ ಬಿದ್ದಿದ್ದ. ಆಡಿದ ಮಾತು, ಒಡೆದ ಮುತ್ತು ಎನ್ನುತ್ತಾರಲ್ಲ. ನಾನು ಆಡಿದೆ, ಅವನೂ ಆಡಿ ಹೋದ. ಬೈದರೂ ಅವನ ಬಾಯಿಂದ ಬಂದ ಕೊನೆಯ ಮಾತು ಅದೇ, ಅದಕ್ಕೇ ವಾರವಾರ ಹೋಗಿ ಬೈಸಿಕೊಂಡು ಬರುತ್ತೇನೆ.

ಒಂದು ಸಣ್ಣ ಸಂಶಯ. ಫೈಲು ತೆರೆಯುವಾಗ ಕೆಳಗೆ ಒಂದು ಎಚ್ಚರಿಕೆ ಬರುತ್ತದೆ: "ಹೆಸರಿಲ್ಲದ್ದು-4: ಹೊಂದುವ ಜಾಗ ಸಿಗಲಿಲ್ಲ, ಬಿಡಲಾಗಿದೆ." ಇಷ್ಟು ವರ್ಷವೂ ಬರುತ್ತಿತ್ತು, ಲಕ್ಷ್ಯ ಕೊಟ್ಟಿರಲಿಲ್ಲ. ಏನದು? ಈ ಹೆಸರಿನ ಗಲಾಟೆ ಅದಕ್ಕೆ ಸಂಬಂಧಿಸಿದ್ದೇ?

ಅಕ್ಕ

*

ಮಾರ್ಚ್ 2

ಅಕ್ಕನವರೇ,

ತಡವಾಯಿತು, ಕ್ಷಮಿಸಿ. ಸ್ವಲ್ಪ ಕೆಮ್ಮು.

ಆ ಎಚ್ಚರಿಕೆ ಸುಮ್ಮನೆ ಬರುವ ಗೊಣಗಾಟ. ಪ್ರೋಗ್ರಾಂಗಳೂ ಮುದುಕರ ಹಾಗೆಯೇ, ಕಾರಣವಿಲ್ಲದೆ ಗೊಣಗುತ್ತವೆ. ಬಿಟ್ಟುಬಿಡಿ.

ಹೆಸರಿನ ವಿಷಯ ಕೇಳಿದಿರಿ. ಪಾಠ ಮಾಡುವ ಚಪಲ ನನಗಿನ್ನೂ ಹೋಗಿಲ್ಲ, ಹೇಳುತ್ತೇನೆ. ಯಂತ್ರದೊಳಗೆ ಗಡಿಯಾರ, ಕೀಬೋರ್ಡಿನ ಲೈನು, ಹೊರಗಿನ ಲೈನು ಹೀಗೆ ಹತ್ತಾರು ಭಾಗ. ಕೆಲವಕ್ಕೆ ಹೆಸರಿಟ್ಟಿರುತ್ತೇವೆ, ಬಹಳಷ್ಟಕ್ಕೆ ಇಟ್ಟಿರುವುದಿಲ್ಲ. ಹೆಸರಿಲ್ಲದವನ್ನು ಹುಟ್ಟಿದ ಸಾಲಿನಲ್ಲಿ ಎಣಿಸಿಬಿಡುತ್ತೇವೆ: ಹೆಸರಿಲ್ಲದ್ದು-1, ಹೆಸರಿಲ್ಲದ್ದು-2, ಹೀಗೆ. ಡಾಕ್ಟರ ಬಾಗಿಲಲ್ಲಿ ಬೆಂಚಿನ ಮೇಲೆ ಕೂತವರನ್ನು ಮೂರನೆಯವರು ಬನ್ನಿ, ನಾಲ್ಕನೆಯವರು ಬನ್ನಿ ಎಂದು ಕರೆದ ಹಾಗೆ. ಯಂತ್ರವನ್ನು ಉಳಿಸಿದಾಗ ಯಾರ ಬಳಿ ಏನಿತ್ತು ಎನ್ನುವುದೂ ಆ ನಂಬರಿನ ಮೇಲೆಯೇ ಫೈಲಿಗೆ ಹೋಗುತ್ತದೆ, ಮತ್ತೆ ತೆರೆದಾಗ ಅದೇ ನಂಬರಿನವರಿಗೆ ಸಿಗುತ್ತದೆ. ಇಪ್ಪತ್ತು ವರ್ಷ ನಡೆದಿದೆ.

ಈ ಮಂಗಳವಾರ ಮಾತುಕತೆ ರದ್ದಾಯಿತು. ವಿಷಯಗಳಿರಲಿಲ್ಲ.

ಒಂದು ಕಿವಿಮಾತು, ತಪ್ಪು ತಿಳಿಯಬೇಡಿ. ಆ ಫೈಲನ್ನು ವಾರವಾರ ತೆರೆಯುವುದನ್ನು ಬಿಡಿ. ಜಗಳದಲ್ಲಿ ಆಡಿದ ಮಾತಿಗೆ ಅಷ್ಟು ತೂಕವಿರುವುದಿಲ್ಲ. ಯಾರೇ ಆಡಿರಲಿ.

ಮೇಷ್ಟ್ರು

*

ಮಾರ್ಚ್ 9

ಮೇಷ್ಟ್ರೇ,

ನಮ್ಮ ವಾರ್ಡಿನಲ್ಲಿ ಹುಟ್ಟುವ ಒಂದು ಮಗುವಿಗೂ ಹೆಸರಿರುವುದಿಲ್ಲ. ಹುಟ್ಟಿದ ಗಳಿಗೆಯಲ್ಲಿ, ಒರೆಸುವುದಕ್ಕೂ ಮೊದಲು, ತಾಯಿಯ ಹೆಸರು ಬರೆದ ಪಟ್ಟಿಯನ್ನು ಕಾಲಿಗೆ ಕಟ್ಟುತ್ತೇವೆ. ಇಂಥವಳ ಗಂಡು, ಇಂಥವಳ ಹೆಣ್ಣು. ಮಗುವನ್ನು ಎಲ್ಲಿಗೆ ಎತ್ತಿಕೊಂಡು ಹೋದರೂ ಪಟ್ಟಿ ಅದರ ಕಾಲಲ್ಲೇ ಇರುತ್ತದೆ. ಮೂರನೇ ತೊಟ್ಟಿಲು, ನಾಲ್ಕನೇ ತೊಟ್ಟಿಲು ಎಂದು ಯಾರಾದರೂ ಅಂದರೆ ನಮ್ಮ ಹೆಡ್ ಸಿಸ್ಟರ್ ಬೆವರಿಳಿಸಿಬಿಡುತ್ತಾರೆ.

ಹೋದ ವರ್ಷ ಹೊಸಬಳೊಬ್ಬಳು ಹಾಗೆಯೇ ಮಾಡಿದಳು. ಯಾವ ಮಗುವಿಗೆ ಎಷ್ಟು ಹಾಲು ಎಂದು ತೊಟ್ಟಿಲ ನಂಬರು ಹಾಕಿ ಬರೆದಿಟ್ಟು ಊಟಕ್ಕೆ ಹೋದಳು. ಅಷ್ಟರಲ್ಲಿ ಇನ್ನೊಂದು ಹೆರಿಗೆಯಾಗಿ, ಕಿಟಕಿಯ ಹತ್ತಿರ ಜಾಗವಿದೆಯೆಂದು ಸಾಲಿನ ನಡುವೆ ಒಂದು ತೊಟ್ಟಿಲು ತಂದು ತೂರಿಸಿದರು. ಅಲ್ಲಿಂದ ಮುಂದೆ ಪ್ರತಿ ಮಗುವೂ ಪಕ್ಕದ ಮಗುವಿನ ಹಾಲು ಕುಡಿಯಿತು. ಯಾವ ಮಗುವೂ ತಕರಾರು ಮಾಡಲಿಲ್ಲ. ಅದೇ ಭಯದ ಸಂಗತಿ ಮೇಷ್ಟ್ರೇ, ಒಂದೂ ಅಳಲಿಲ್ಲ.

ನಿಮ್ಮ ಬೆಂಚಿನ ಪಾಠ ಓದಿದಾಗಿನಿಂದ ನನಗೆ ಆ ಮಧ್ಯಾಹ್ನವೇ ಕಣ್ಣ ಮುಂದೆ ಬರುತ್ತಿದೆ. ಸುತ್ತಿ ಬಳಸಿ ಕೇಳುವುದು ನನಗೆ ಬರುವುದಿಲ್ಲ. ಅವನು ಹೋದ ಮೇಲೆ ನಿಮ್ಮ ಬೆಂಚಿನ ನಡುವೆ ಹೊಸಬರು ಯಾರಾದರೂ ಬಂದು ಕೂತರೇ? ನಾಲ್ಕನೆಯದಕ್ಕೆ ಜಾಗ ಸಿಗಲಿಲ್ಲ ಎಂದರೆ, ನಾಲ್ಕನೆಯದರಲ್ಲಿ ಇದ್ದದ್ದು ಏನು? ಬಲಗಡೆ ಯಾಕೆ ಖಾಲಿ?

ಎಡಗಡೆ ನಾನು ಆರು ವರ್ಷದಿಂದ ಓದುತ್ತಿರುವುದು ಅವನದೇ ಮಾತೇ?

ಫೆಬ್ರವರಿಯ ನನ್ನ ಪತ್ರವನ್ನು ಹರಿದುಹಾಕಿ. ಆ ವಿಷಯ ಅಜೆಂಡಾಕ್ಕೆ ಬರಲಿ. ನಾನೂ ಕೂತು ಕೇಳುತ್ತೇನೆ.

ಅಕ್ಕ

*

ಮಾರ್ಚ್ 30

ಮೇಷ್ಟ್ರೇ,

ಮೂರು ವಾರ. ಮೂರು ಮಂಗಳವಾರ. ಮೂರು ಸಲವೂ ನೀವು ಎಲ್ಲರಿಗೂ ಬರೆದದ್ದು ಒಂದೇ: "ವಿಷಯಗಳಿಲ್ಲದ ಕಾರಣ ಈ ವಾರ ಮಾತುಕತೆ ಇಲ್ಲ." ಕ್ರೇನಿನವರು ಕಳಿಸಿದ್ದಾರೆ, ನಾನು ಕಳಿಸಿದ್ದೇನೆ. ವಿಷಯವಿಲ್ಲ ಎಂದು ಬರೆಯಲು ನಿಮಗೆ ಕೈ ಹೇಗೆ ಬಂತು?

ಹೋದ ಭಾನುವಾರ ಫೈಲು ತೆರೆಯಲಿಲ್ಲ. ಮುಚ್ಚಿದ ಲ್ಯಾಪ್‌ಟಾಪಿನ ಮುಂದೆ ಕೂತಿದ್ದೆ, ಅಷ್ಟೆ. ಹೊರಗೆ ಒಳ್ಳೆ ಬಿಸಿಲು. ಒಳಗೆ ಅವನು ನಾಲ್ಕು ಹದಿನೇಳರಲ್ಲಿ ಕೂತಿದ್ದಾನೆ, ಬಾಯಿ ತೆರೆಯುತ್ತಿದ್ದಾನೆ, ಬೇರೆ ಯಾರದ್ದೋ ದನಿ ಬರುತ್ತಿದೆ ಎನ್ನಿಸಿತು. ನಾನು ಹೆದರುವ ಹೆಂಗಸಲ್ಲ. ಸತ್ತವರನ್ನೂ ಹುಟ್ಟುವವರನ್ನೂ ಒಂದೇ ಕೈಯಲ್ಲಿ ತೊಳೆದಿದ್ದೇನೆ. ಆದರೂ ಎದ್ದು ಅಡುಗೆಮನೆಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತೆ.

ಅಡ್ಡಗೋಡೆಯ ಮೇಲೆ ದೀಪ ಇಡಬೇಡಿ. ಯಾರ ದನಿ ಅದು?

*

ಏಪ್ರಿಲ್ 11

ಅಕ್ಕನವರೇ,

ನನ್ನದು.

ಈ ಒಂದು ಪದ ಬರೆಯಲು ಆರು ವರ್ಷ ಹಿಡಿಯಿತು. ಆಮೇಲಿನದನ್ನು ಬರೆಯಲು ಹನ್ನೆರಡು ದಿನ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಮಕ್ಕಳಿಗೆ ಹೇಳಿಕೊಟ್ಟವನು ನಾನು. ಬಂಗಾರವಲ್ಲ ಅದು, ಹೊಟ್ಟೆಯೊಳಗಿನ ಕಲ್ಲು.

ಅವನಿಗೂ ನನಗೂ ಜಗಳವಾದದ್ದು ಇದೇ ಹೆಸರಿನ ವಿಷಯಕ್ಕೆ. ಕ್ರೇನಿನವರು ಇವತ್ತು ಕೇಳುತ್ತಿರುವುದನ್ನು ಅವನು ಆಗಲೇ ಕೇಳಿದ್ದ. ಪ್ರತಿ ಭಾಗಕ್ಕೂ ಅದು ಯಾವುದಕ್ಕೆ ಸೇರಿದ್ದೋ ಅದರ ಹೆಸರು ಹಚ್ಚಿ, ಸಾಲಿನಲ್ಲಿ ಎಣಿಸಬೇಡಿ ಎಂದು ಎರಡು ವರ್ಷ ಬೆನ್ನು ಬಿದ್ದಿದ್ದ. "ಒಂದಿನ ನೀವು ಮಧ್ಯದಲ್ಲಿ ಒಂದನ್ನ ತಂದು ಕೂರಿಸ್ತೀರಿ ಮೇಷ್ಟ್ರೇ, ಆಗ ಯಾರ ಮಾತೋ ಯಾರ ಬಾಯಲ್ಲೋ ಬರುತ್ತೆ, ಯಾರಿಗೂ ಗೊತ್ತೇ ಆಗಲ್ಲ" ಎನ್ನುತ್ತಿದ್ದ. ಪ್ರತಿ ಮಂಗಳವಾರ ಅದೇ ರಾಗ. ಎಲ್ಲರೆದುರು ನನ್ನನ್ನು ಸೋಮಾರಿ ಮುದುಕ ಎಂದ. ಆ ಶುಕ್ರವಾರ ಸಂಜೆ ಲೈನಿನಲ್ಲಿ ಮತ್ತೆ ಅದನ್ನೇ ತೆಗೆದ. ನನ್ನ ತಲೆ ಕೆಟ್ಟಿತು. ನೀವು ಆರು ವರ್ಷದಿಂದ ಓದುತ್ತಿರುವ ಆ ಸಾಲನ್ನು ನಾನು ಟೈಪು ಮಾಡಿ ಕಳಿಸಿದೆ. ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಕಡೆ ಲೈನು ಕಡಿದಿದೆ ಎಂದು ಬಂತು. ಮುನಿಸಿಕೊಂಡು ಎದ್ದು ಹೋದ ಎಂದುಕೊಂಡೆ. ಹೋಗಲಿ ಎಂದೂ ಅಂದುಕೊಂಡೆ.

ಅವನು ಹೋದ ಸುದ್ದಿ ತಿಳಿಯುವ ಮೊದಲು, ಸೋಮವಾರ ಬೆಳಿಗ್ಗೆ, ಅವನು ಕಟ್ಟಿದ ಆ ಯಂತ್ರಕ್ಕೆ ನಾನು ಇನ್ನೊಂದು ಗಡಿಯಾರ ಸೇರಿಸಿದೆ. ಬೇಕಾಗಿದ್ದದ್ದೇ, ತಿಂಗಳಿನಿಂದ ಬಾಕಿ ಇತ್ತು. ಸಾಲಿನ ನಡುವೆ ಸೇರಿಸಿದೆ. ಅದುವರೆಗೆ ಹೆಸರಿಲ್ಲದ ನಾಲ್ಕನೆಯದು ಅವನ ಕೀಬೋರ್ಡಿನ ಲೈನು, ಐದನೆಯದು ಹೊರಗಿನ ಲೈನು. ಗಡಿಯಾರ ಬಂದು ನಾಲ್ಕರಲ್ಲಿ ಕೂತಿತು, ಉಳಿದವು ಒಂದೊಂದು ಜಾಗ ಸರಿದವು. ಅವನ ಫೈಲನ್ನು ಹೊಸ ವರ್ಷನ್ನಿನಲ್ಲಿ, ಅಂದರೆ ಪ್ರೋಗ್ರಾಂನ ಹೊಸ ಆವೃತ್ತಿಯಲ್ಲಿ ತೆರೆದರೆ, ಹೊರಗಿನಿಂದ ಬಂದ ನನ್ನ ಮಾತು, ಹೆಸರಿಲ್ಲದ ಐದನೆಯದು, ಅವನ ಕೀಬೋರ್ಡಿನ ಲೈನಿಗೆ ಹೋಗಿ "ನಾನು" ಎನ್ನುವ ಕಡೆ ನಿಲ್ಲುತ್ತದೆ. ಅವನು ಆಗ ಟೈಪು ಮಾಡುತ್ತಿದ್ದದ್ದು, ಹೆಸರಿಲ್ಲದ ನಾಲ್ಕನೆಯದು, ಗಡಿಯಾರದ ಹತ್ತಿರ ಹೋಗುತ್ತದೆ. ಗಡಿಯಾರಕ್ಕೆ ಅದರಿಂದ ಏನೂ ಉಪಯೋಗವಿಲ್ಲ. ಬಿಡಲಾಗಿದೆ ಎಂದು ಬರುತ್ತದೆ.

ಇಲ್ಲಿಯವರೆಗಿನದು ತಪ್ಪು. ಇನ್ನು ಹೇಳುವುದು ತಪ್ಪಲ್ಲ, ಪಾಪ. ಆ ವರ್ಷ ನೀವು ನನಗೆ ಆ ಸಾಲನ್ನು ಬರೆದು ಕಳಿಸಿದ ದಿನವೇ ನನ್ನ ಮಾತನ್ನು ನಾನು ಗುರುತಿಸಿದೆ. ಅವನ ಲ್ಯಾಪ್‌ಟಾಪು ಅಷ್ಟರಲ್ಲಿ ತಾನಾಗಿಯೇ ಹೊಸ ವರ್ಷನ್ ಇಳಿಸಿಕೊಂಡಿತ್ತು. ಹೇಳಬೇಕಿತ್ತು. ಅವನನ್ನು ಬೈದವನು ನಾನು ಎಂದು ಹೇಳಲು ನಾಲಿಗೆ ಏಳಲಿಲ್ಲ. ಅಕ್ಕ ತಮ್ಮನ ಜಗಳ, ಕಾಲ ಕಳೆದರೆ ಮಾಯುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಸೋಮವಾರಕ್ಕೆ ಹಿಂದಿನ ವರ್ಷನ್ ಹಾಕಿದರೆ ಫೈಲು ಸರಿಯಾಗಿ ತೆರೆಯುತ್ತದೆ, ಅಷ್ಟೇ ಕೆಲಸ. ನಿಮ್ಮ ಲ್ಯಾಪ್‌ಟಾಪಿಗೆ ಯಾವುದನ್ನು ಹಾಕಬೇಕೆಂದು ಬರೆದವನೂ ನಾನೇ. ಬೇಕೆಂದೇ ಹೊಸದನ್ನು ಬರೆದೆ. ನೀವು ಫೆಬ್ರವರಿಯಲ್ಲಿ ಅಜೆಂಡಾಕ್ಕೆ ಸೇರಿಸಬೇಡಿ ಎಂದು ಬೇಡಿಕೊಂಡಾಗ ಒಳಗೊಳಗೇ ಬದುಕಿದೆ ಅನ್ನಿಸಿತು. ನಿಮ್ಮ ದುಃಖವನ್ನೇ ಗುರಾಣಿ ಮಾಡಿಕೊಂಡು ಕ್ರೇನಿನವರ ಬಾಯಿ ಮುಚ್ಚಿಸಿದೆ.

ಶುಕ್ರವಾರ ಸಂಜೆಯಾದರೆ ನಾನು ಕೋಣೆಯಲ್ಲಿ ಇರುವುದಿಲ್ಲ. ಕೆಳಗೆ ಸೈಕಲ್ ಅಂಗಡಿಯಲ್ಲಿ ಹೋಗಿ ಕೂರುತ್ತೇನೆ. ಅಂಗಡಿಯವನು ನನಗೆ ಮಾತಿನ ಚಟ ಎಂದುಕೊಂಡಿದ್ದಾನೆ. ಮೇಲೆ ಆ ಲೈನಿನ ಕಿಟಕಿಯನ್ನು ಇವತ್ತಿಗೂ ಮುಚ್ಚಿಲ್ಲ. "ಆ ಕಡೆ" ಎನ್ನುವಲ್ಲಿ ಏನಾದರೂ ಬಂದುಬಿಡುತ್ತದೆಯೇನೋ ಎಂಬ ಹೆದರಿಕೆಗೆ ಅಲ್ಲಿ ಕೂರಲಾರೆ. ಬರದೇ ಹೋದೀತು ಎಂಬ ಹೆದರಿಕೆಗೆ ಮುಚ್ಚಲಾರೆ.

ಹಳೆಯ ವರ್ಷನ್ ಇದರ ಜೊತೆಗಿದೆ. ನಾಲ್ಕನೆಯದರಲ್ಲಿ ಅವನು ಏನು ಬರೆಯುತ್ತಿದ್ದ ಎಂದು ನನಗೆ ಗೊತ್ತಿಲ್ಲ. ಅದು ನನಗೆ ಬಂದು ತಲುಪಲಿಲ್ಲ. ಮೊದಲು ಓದುವ ಹಕ್ಕು ನಿಮ್ಮದು.

ಕ್ಷಮೆ ಕೇಳುವ ಮುಖ ನನಗಿಲ್ಲ.

*

ಮೇ 23

ಮೇಷ್ಟ್ರೇ,

ನಿಮ್ಮ ಪತ್ರ ಬಂದು ಆರು ವಾರವಾಯಿತು. ಮೊದಲ ವಾರ ನಿಮ್ಮನ್ನು ಬಾಯಿಗೆ ಬಂದ ಹಾಗೆ ಬೈದು ನಾಲ್ಕು ಪತ್ರ ಬರೆದೆ, ನಾಲ್ಕನ್ನೂ ಕಳಿಸಲಿಲ್ಲ. ಅವು ಇಲ್ಲೇ ಇವೆ, ಬೇಕಾದರೆ ಕೇಳಿ. ಎರಡನೇ ವಾರ ಕುಣಿಯುವಷ್ಟು ಸಂತೋಷವಾಯಿತು: ಅವನು ನನ್ನನ್ನು ಬೈದಿರಲಿಲ್ಲ. ವಾರ್ಡಿನಲ್ಲಿ "ಏನ್ ಸಿಸ್ಟರ್, ಲಾಟರಿ ಹೊಡೀತಾ" ಎಂದು ಕೇಳಿದರು. ಫೈಲು ತೆರೆಯುವ ಧೈರ್ಯ ಬಂದದ್ದು ಮೊನ್ನೆ ಭಾನುವಾರ.

ನಾಲ್ಕು ಹದಿನೇಳು. ಎಚ್ಚರಿಕೆ ಬರಲಿಲ್ಲ. ಬಲಗಡೆ, ಆ ಕಡೆಯಲ್ಲಿ, ನಿಮ್ಮ ಮಾತು. ಎಡಗಡೆ, ಆರು ವರ್ಷದ ಮೇಲೆ, ಅವನು. ಅವನು ಬರೆದದ್ದನ್ನು ಇದ್ದ ಹಾಗೆಯೇ ಕೊಡುತ್ತಿದ್ದೇನೆ:

"ಇರಿ ಮೇಷ್ಟ್ರೇ, ಬಾಗಿಲು ಬಡೀತಿದ್ದಾರೆ. ಅಕ್ಕ ಬಂದ್ಲು ಅನ್ಸುತ್ತೆ. ಬಾಗಿಲು ತೆಗೆದು ಬಂದು ನಿಮ್ಮ ಜೊತೆ ಜಗಳ ಮುಂದುವರಿಸ್ತೀನಿ. ಎಲ್ಲೂ ಹೋಗ್ಬೇಡಿ."

ನಿಮ್ಮ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಇದು ನಿಮಗೆ ಸೇರಬೇಕಾದ್ದು, ತೆಗೆದುಕೊಳ್ಳಿ. ಇನ್ನು ನನ್ನದು ಕೇಳಿ.

ರಜೆ ಸಿಗಲಿಲ್ಲ ಎಂದದ್ದು ಸುಳ್ಳು. ನಿಮಗೆ ಮಾತ್ರವಲ್ಲ, ಪೊಲೀಸರಿಗೂ, ನಮ್ಮ ಅಮ್ಮನಿಗೂ ಅದನ್ನೇ ಹೇಳಿದ್ದೆ. ನಾನು ಹೋಗಿದ್ದೆ. ಮೂರು ಮಹಡಿ ಹತ್ತಿ ಅವನ ಬಾಗಿಲು ಬಡಿದವಳು ನಾನೇ. ಒಳಗೆ ಕೀಬೋರ್ಡಿನ ಟಕಟಕ ಕೇಳುತ್ತಿತ್ತು. ಮೂರು ಸಲ ಬಡಿದೆ. ಇನ್ನೂ ಸ್ವಲ್ಪ ಟಕಟಕ, ಆಮೇಲೆ ನಿಂತಿತು. ಎದ್ದ ಸದ್ದಿಲ್ಲ, ಕುರ್ಚಿ ಸರಿದ ಸದ್ದಿಲ್ಲ, ಬಂದೆ ಎನ್ನಲಿಲ್ಲ. ನಾವು ನಾಡಿ ನೋಡುವಾಗ ಮೂವತ್ತು ಸೆಕೆಂಡು ಎಣಿಸಿ ಎರಡರಿಂದ ಗುಣಿಸುತ್ತೇವೆ. ಅದೇ ಅಭ್ಯಾಸ, ಬಾಗಿಲ ಮುಂದೆ ಮೂವತ್ತು ಎಣಿಸಿದೆ. ನಾನು ಹೊರಗಿದ್ದೇನೆ ಎಂದು ಗೊತ್ತಿದ್ದೂ ಬಾಗಿಲು ತೆಗೆಯುತ್ತಿಲ್ಲ, ಇಷ್ಟು ಹಟವೇ ಎಂದು ಉರಿದುಹೋಯಿತು. ದಡದಡ ಇಳಿದು ಐದು ಗಂಟೆಯ ಬಸ್ಸು ಹತ್ತಿದೆ.

ಬಾಗಿಲಿಗೆ ನಾಲ್ಕು ಹೆಜ್ಜೆ ಇರುವಾಗ ಅವನು ಬಿದ್ದಿದ್ದ. ನೀರಿಗೆ ಎದ್ದಿದ್ದನೇನೋ ಎಂದು ಎಲ್ಲರೂ ಅಂದರು, ನಾನೂ ಹೂಂಗುಟ್ಟಿದೆ. ಬಾಗಿಲಲ್ಲಿ ನಿಂತದ್ದು ಒಬ್ಬಳು ನರ್ಸು ಮೇಷ್ಟ್ರೇ. ಬಿದ್ದ ಸದ್ದು ಕೇಳಿದ್ದರೆ ಬಾಗಿಲು ಮುರಿದಾದರೂ ಒಳಗೆ ಹೋಗುತ್ತಿದ್ದೆ. ಎದೆ ಒತ್ತುವುದು ಹೇಗೆಂದು ನನ್ನ ಕೈಗೆ ನಿದ್ದೆಯಲ್ಲೂ ಗೊತ್ತು.

ನಿಮ್ಮ ಆ ಸಾಲು ನನ್ನನ್ನು ವಾರವಾರ ಚುಚ್ಚುತ್ತಿತ್ತು, ನಿಜ. ಆದರೆ ಅದೇ ನನ್ನನ್ನು ಕಾಯುತ್ತಲೂ ಇತ್ತು. ಬಡಿದದ್ದು ಕೇಳಿಸಿಯೇ ಅವನು ಹೋಗು ಎಂದು ಬರೆದ, ಅದಕ್ಕೇ ಹೋದೆ, ಅವನು ಹೇಗೂ ತೆಗೆಯುತ್ತಿರಲಿಲ್ಲ. ಹೀಗೆಂದುಕೊಂಡು ಆರು ವರ್ಷ ಊಟ ಮಾಡಿದೆ, ಕೆಲಸ ಮಾಡಿದೆ, ಮಲಗಿದೆ. ಈಗ ನಿಮ್ಮ ಮಾತು ನಿಮ್ಮ ಕಡೆಗೆ ಹೋಯಿತು. ಅವನು ತೆಗೆಯಲು ಬರುತ್ತಿದ್ದ. ನಾನು ಅವನು ಬರುವ ಮೊದಲು ಹೋದೆ.

ಇದನ್ನು ಮುಚ್ಚಿಡಿ ಎಂದು ಕೇಳುತ್ತಿಲ್ಲ. ಮಂಗಳವಾರ ಆ ವಿಷಯ ಅಜೆಂಡಾಕ್ಕೆ ಬರಲಿ, ಪ್ರತಿ ಭಾಗಕ್ಕೂ ಹೆಸರು ಬೀಳಲಿ. ಇನ್ನೊಬ್ಬರಿಗೆ ಹೀಗಾಗಬಾರದು.

ನಿಮ್ಮಿಂದ ಒಂದೇ ಒಂದು ಉತ್ತರ ಬೇಕು. ಟಕಟಕ ನಿಂತ ಮೇಲೆ ಅವನು ಯಾಕೆ ತಕ್ಷಣ ಏಳಲಿಲ್ಲ? ಆ ಯಂತ್ರದ ಮುಂದೆ ಅವನ ರೀತಿ ರಿವಾಜು ಗೊತ್ತಿರುವುದು ನಿಮಗೊಬ್ಬರಿಗೇ. ಅಷ್ಟು ಹೊತ್ತು ಏನು ಮಾಡುತ್ತಿದ್ದ? ಎಷ್ಟು ಹೊತ್ತು? ನನ್ನ ಸಮಾಧಾನಕ್ಕೆ ಸುಳ್ಳು ಬರೆಯಬೇಡಿ. ಸಾಕಾಗಿದೆ.

ಅಕ್ಕ

*

ಮೇ 24

ಅಕ್ಕನವರೇ,

ನಿಮ್ಮ ಪತ್ರವನ್ನು ಅಂಗಡಿಯ ಮೆಟ್ಟಿಲ ಮೇಲೆ ಕೂತು ಓದಿದೆ. ಅವನು ಎಲ್ಲೂ ಹೋಗಬೇಡಿ ಎಂದದ್ದನ್ನು ಓದಿ ಅಲ್ಲೇ ಅತ್ತೆ. ಅಂಗಡಿಯವನು ನೀರು ಕೊಟ್ಟ.

ಮಂಗಳವಾರ ಮಾತುಕತೆ ಇದೆ. ಒಂದೇ ವಿಷಯ ಹಾಕಿದ್ದೇನೆ, ಅವನು ಎರಡು ವರ್ಷ ಕೇಳಿದ್ದು. ಮೊದಲು ಮಾತಾಡುವವನು ನಾನು, ಗಡಿಯಾರ ಸೇರಿಸಿದ್ದು ಯಾರು, ಆಮೇಲೆ ಏನಾಯಿತು, ಯಾರು ಬಾಯಿ ಮುಚ್ಚಿಕೊಂಡಿದ್ದರು ಎಲ್ಲವನ್ನೂ ಹೇಳುತ್ತೇನೆ. ಅದು ಮುಗಿದ ಮೇಲೆ ಅಜೆಂಡಾದ ಕೆಲಸ ಕ್ರೇನಿನವರಿಗೆ.

ನೀವು ಕೇಳಿದ್ದಕ್ಕೆ ಉತ್ತರ. ನಿಮಗೆ ಗೊತ್ತಿರಲಿಲ್ಲವಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲವಲ್ಲ ಎಂದೆಲ್ಲ ಬರೆದು ಅಳಿಸಿದೆ. ನೀವು ಬೇಡವೆಂದಿರಿ.

ಅವನು ಯಂತ್ರವನ್ನು ಉಳಿಸುತ್ತಿದ್ದ, ಅದಕ್ಕೇ ಟೈಪು ಮಾಡಿದ್ದು ನನ್ನ ಕಡೆ ಬರದೆ ಅಲ್ಲೇ ನಿಂತಿತು. ಹಾಗೆಯೇ ಎದ್ದು ಹೋದರೆ ಲೈನು ಕಡಿದು ಪರದೆಯ ಮೇಲಿನ ಮಾತು ಅಳಿಸಿಹೋಗುತ್ತಿತ್ತು, ಅದಕ್ಕೆ ಎದ್ದಾಗಲೆಲ್ಲ ಉಳಿಸಿಯೇ ಏಳುತ್ತಿದ್ದ. ಉಳಿಸಲು ಶುರುವಾದದ್ದು, ಮುಗಿದದ್ದು ಎರಡೂ ಹೊತ್ತು ಫೈಲಿನಲ್ಲೇ ಬರೆದಿರುತ್ತದೆ. ಆ ವರ್ಷ ನೀವು ಕಳಿಸಿದ ಫೈಲಿನ ನಕಲು ನನ್ನ ಹತ್ತಿರವೂ ಇದೆ, ಇಷ್ಟು ದಿನ ತೆರೆಯುವ ಧೈರ್ಯ ಬಂದಿರಲಿಲ್ಲ. ಇವತ್ತು ನೋಡಿದೆ. ಶುರುವಾದದ್ದು ನಾಲ್ಕು ಹದಿನೇಳು ದಾಟಿ ಐದು ಸೆಕೆಂಡಿಗೆ. ಮುಗಿದದ್ದು ಐವತ್ತೆರಡಕ್ಕೆ. ನಲವತ್ತೇಳು ಸೆಕೆಂಡು.

ಅಷ್ಟು ಹೊತ್ತೂ ಅವನು ಕೂತೇ ಇದ್ದ. ನಮ್ಮ ಗುಂಪಿಗೆ ಬಂದ ಹೊಸದರಲ್ಲಿ ಒಮ್ಮೆ ಉಳಿಸುವ ನಡುವೆಯೇ ಎದ್ದು ಹೋಗಿ, ಕಾಲಿಗೆ ವೈರು ಸಿಕ್ಕಿ, ಎಲ್ಲರ ಒಂದು ತಿಂಗಳ ಕೆಲಸ ಹಾಳು ಮಾಡಿದ್ದ. ಆ ದಿನ ಅವನಿಗೆ ಹೇಳಿದ್ದೆ: "ಉಳಿಸೋದು ಮುಗಿಯೋ ತನಕ ಕುರ್ಚಿ ಬಿಟ್ಟು ಏಳಕೂಡದು. ಮೇಜು ಅಲುಗಾಡಕೂಡದು. ಬಾಗಿಲಿಗೆ ಯಾರೇ ಬರಲಿ." ಕಿವಿ ಹಿಂಡಿದ ಹಾಗೆ ಹೇಳಿದ್ದೆ. ಅವನು ನನ್ನ ಮಾತು ಕೇಳಿದ್ದು ಅದೊಂದೇ ವಿಷಯದಲ್ಲಿ, ಆಮೇಲೆ ಒಂದು ಸಲವೂ ತಪ್ಪಲಿಲ್ಲ, ಮುಗಿಯುವ ತನಕ ಯಾರು ಕರೆದರೂ ಓಗೊಡುತ್ತಿರಲಿಲ್ಲ.

ನೀವು ಮೂವತ್ತು ಎಣಿಸಿದಿರಿ. ಉಳಿದ ಹದಿನೇಳು ಸೆಕೆಂಡು ಅವನನ್ನು ಕೂರಿಸಿಕೊಂಡವನು ನಾನು.

ಮೇಷ್ಟ್ರು